ಫಾರ್ಮಲಿನ್ ಡಬ್ಬಿಯೊಳಗಿನ ಸಂಶೋಧನೆ

ಕಲಬುರಗಿ, ವಿಜಯಪುರದ ಕಡೆಯಿಂದ ರಾತ್ರಿ ರೈಲು ಹಿಡಿದು ದಾದರ್‌ನಲ್ಲಿ ಇಳಿದು ಪರೇಲ್‌ನ ಟಾಟಾ ಮೆಮೋರಿಯಲ್ ಕ್ಯಾನ್ಸರ್ ಆಸ್ಪತ್ರೆಗೆ ಬರುವವರ ಕೈಚೀಲದಲ್ಲಿ ಎಲ್ಲವೂ ಇರುತ್ತದೆ: ಸಿಟಿ ಸ್ಕ್ಯಾನಿನ ದೊಡ್ಡ ಲಕೋಟೆ, ರಕ್ತ ಪರೀಕ್ಷೆಯ ಹಾಳೆಗಳು, ಆಧಾರ್ ಜೆರಾಕ್ಸ್. ಕೌಂಟರಿನಲ್ಲಿ ಹಿಂದಿಯಲ್ಲಿ ಒಂದು ಪ್ರಶ್ನೆ ಬರುತ್ತದೆ. ಜೊತೆಗೆ ಬಂದ ಡೊಂಬಿವಲಿಯ ಅಳಿಯ ಅದನ್ನು ಕನ್ನಡಕ್ಕೆ ತಿರುಗಿಸುತ್ತಾನೆ: "ಮಾವಾ, ಬ್ಲಾಕ್ ತಂದೀರೇನು?" ಮಾವನ ಉತ್ತರ ಹೆಚ್ಚುಕಡಿಮೆ ಯಾವಾಗಲೂ ಒಂದೇ: "ರಿಪೋರ್ಟ್ ಐತಲ್ಲ, ಮತ್ತ ಬ್ಲಾಕ್ ಅಂದ್ರ ಏನು?"

ಬ್ಲಾಕ್ ಎಂದರೆ ರೋಗಿಯ ದೇಹದಿಂದ ತೆಗೆದ ತುಣುಕನ್ನು ಮೇಣದಲ್ಲಿ ಹುದುಗಿಸಿಟ್ಟ ಒಂದು ಗಟ್ಟಿ. ಬೆಂಕಿಪೊಟ್ಟಣಕ್ಕಿಂತ ಚಿಕ್ಕ ಪ್ಲಾಸ್ಟಿಕ್ ಕ್ಯಾಸೆಟ್ಟಿನ ಬೆನ್ನಿಗೆ ಅಂಟಿಕೊಂಡಿರುತ್ತದೆ. ಅದರಿಂದ 3-4 ಮೈಕ್ರಾನ್ ದಪ್ಪದ ಪದರ ಹೆರೆದು ಗಾಜಿನ ಮೇಲೆ ಇಟ್ಟು ಬಣ್ಣ ಹಾಕಿದರೆ ಸ್ಲೈಡ್. ಸ್ಲೈಡಿನಲ್ಲಿ ಕಂಡದ್ದನ್ನು ಬರೆದರೆ ರಿಪೋರ್ಟ್. ರಿಪೋರ್ಟ್ ಒಬ್ಬ ಪ್ಯಾಥಾಲಜಿಸ್ಟರ (ತುಣುಕು ಪರೀಕ್ಷಿಸಿ ರೋಗ ಗುರುತಿಸುವ ವೈದ್ಯರ) ಅಭಿಪ್ರಾಯ, ಬ್ಲಾಕ್ ಆ ಅಭಿಪ್ರಾಯದ ಮೂಲ ದಸ್ತಾವೇಜು. ದೊಡ್ಡ ಕರುಳು ಮತ್ತು ಗುದನಾಳದ ಕ್ಯಾನ್ಸರಿನ ಬಗ್ಗೆ ಕಳೆದ ನೂರು ವರ್ಷಗಳಲ್ಲಿ ಗೊತ್ತಾದದ್ದರಲ್ಲಿ ಬಹಳಷ್ಟು ಇಂಥ ಮೇಣದ ಗಟ್ಟಿಗಳಿಂದಲೇ ಬಂತು. ಈಗ ಮುಂಬೈ, ಪುಣೆ, ಗೋವಾದಲ್ಲಿ ಈ ಕ್ಷೇತ್ರದ ಸಂಶೋಧನೆ ಎಡವುವುದೂ ಹೆಚ್ಚಾಗಿ ಇಲ್ಲೇ. ಜೀನ್ ಓದುವ ಯಂತ್ರಗಳು ಬಂದಿವೆ. ಆ ಯಂತ್ರಕ್ಕೆ ಉಣಿಸುವ ತುಣುಕು, ಅದನ್ನು ಕೆಡದಂತೆ ಕಾಯುವ ಫಾರ್ಮಲಿನ್ ದ್ರಾವಣದಲ್ಲಿ ಸರಿಯಾಗಿ ನೆನೆದಿದೆಯೇ, ಸರಿಯಾದ ಜಾಗದಿಂದ ಕತ್ತರಿಸಿದ್ದೇ ಎಂದು ಕೇಳುವವರು ಕಡಿಮೆ.

ಒಬ್ಬ ಪ್ಯಾಥಾಲಜಿಸ್ಟ್ ಇಡೀ ವೃತ್ತಿಜೀವನವನ್ನು ಕರುಳಿನ ಕ್ಯಾನ್ಸರಿಗೆ ಕೊಟ್ಟರೆ ಏನಾಗುತ್ತದೆ ಎಂಬುದಕ್ಕೆ ಲಂಡನ್ನಿನ ಸೇಂಟ್ ಮಾರ್ಕ್ಸ್ ಆಸ್ಪತ್ರೆಯ ಕತ್‌ಬರ್ಟ್ ಡ್ಯೂಕ್ಸ್ ಹಳೆಯ ಉದಾಹರಣೆ. 1932ರಲ್ಲಿ ಅವರು ಗುದನಾಳದ ಕ್ಯಾನ್ಸರನ್ನು ಮೂರು ಮೆಟ್ಟಿಲಾಗಿ ವಿಂಗಡಿಸಿದರು. ಗೋಡೆಯೊಳಗೇ ಇದ್ದರೆ ಎ, ಗೋಡೆ ದಾಟಿದ್ದರೆ ಬಿ, ದುಗ್ಧಗ್ರಂಥಿಗೆ (ಲಿಂಫ್ ನೋಡ್) ಹೋಗಿದ್ದರೆ ಸಿ. ಬೇಕಾದದ್ದು ಚಾಕು, ಸೂಕ್ಷ್ಮದರ್ಶಕ, ಮತ್ತು ಶಸ್ತ್ರಚಿಕಿತ್ಸೆಯಾದವರು ಬದುಕಿದರೋ ಇಲ್ಲವೋ ಎಂದು ವರ್ಷಗಟ್ಟಲೆ ಬೆನ್ನುಹತ್ತಿ ಕೇಳುವ ಹಟ. ಗಡ್ಡೆ, ಗ್ರಂಥಿ, ದೂರದ ಹರಡುವಿಕೆ ಮೂರನ್ನೂ ಅಳೆಯುವ ಇಂದಿನ ಟಿ-ಎನ್-ಎಂ ವರ್ಗೀಕರಣದ ಅಡಿಪಾಯದಲ್ಲಿ ಈಗಲೂ ಅದೇ ತರ್ಕವಿದೆ.

ಅಮೆರಿಕದ ಮಿಷಿಗನ್‌ನಲ್ಲಿ ಆಲ್ಡ್ರೆಡ್ ವಾರ್ಥಿನ್ ಎಂಬ ಪ್ಯಾಥಾಲಜಿಸ್ಟ್ 1895ರಲ್ಲಿ ಬಟ್ಟೆ ಹೊಲಿಯುವ ಒಬ್ಬ ಹೆಣ್ಣುಮಗಳ ಮಾತನ್ನು ಕಿವಿಗೆ ಹಾಕಿಕೊಂಡರು. ನಮ್ಮ ಮನೆಯಲ್ಲಿ ಎಲ್ಲರೂ ಕ್ಯಾನ್ಸರಿನಿಂದಲೇ ಹೋಗುತ್ತಾರೆ, ನಾನೂ ಹಾಗೇ ಹೋಗುತ್ತೇನೆ ಎಂದಿದ್ದಳು ಆಕೆ. ಹೇಳಿದಂತೆ ಗರ್ಭಕೋಶದ ಕ್ಯಾನ್ಸರಿನಿಂದ ಚಿಕ್ಕ ವಯಸ್ಸಿಗೇ ತೀರಿಕೊಂಡಳು. ವಾರ್ಥಿನ್ ಆ ವಂಶವೃಕ್ಷವನ್ನು 1913ರಲ್ಲಿ ಪ್ರಕಟಿಸಿದರು. ಹಲವು ದಶಕಗಳ ನಂತರ ಹೆನ್ರಿ ಲಿಂಚ್ ಅದನ್ನು ಮುಂದುವರಿಸಿದ್ದರಿಂದ ಈ ಆನುವಂಶಿಕ ಕಾಯಿಲೆಗೆ ಲಿಂಚ್ ಸಿಂಡ್ರೋಮ್ ಎಂಬ ಹೆಸರು ನಿಂತಿತು. ಕಾರಣವಾದ ಜೀನ್‌ಗಳು, ಅಂದರೆ ಎಂಎಸ್ಎಚ್2 ಮತ್ತು ಎಂಎಲ್ಎಚ್1, ಸಿಕ್ಕದ್ದು 1993-94ರಲ್ಲಿ. ಮಾತು ಕೇಳಿಸಿಕೊಂಡದ್ದಕ್ಕೂ ಜೀನ್ ಸಿಕ್ಕಿದ್ದಕ್ಕೂ ನಡುವೆ ಸುಮಾರು ನೂರು ವರ್ಷ.

ಆದರೆ ಈ ಲೇಖನಕ್ಕೆ ಹೆಚ್ಚು ಬೇಕಾದವರು ಲೀಡ್ಸ್‌ನ ಫಿಲಿಪ್ ಕ್ವರ್ಕ್. ಗುದನಾಳದ ಗಡ್ಡೆ ತೆಗೆದ ಮೇಲೂ ಅದೇ ಜಾಗದಲ್ಲಿ ಕ್ಯಾನ್ಸರ್ ಮರಳುವುದು ಆಗ ಸಾಮಾನ್ಯವಾಗಿತ್ತು. ಕರುಳನ್ನು ಕತ್ತರಿಸಿದ ಮೇಲ್ತುದಿ, ಕೆಳತುದಿಗಳಲ್ಲಿ ಕ್ಯಾನ್ಸರ್ ಉಳಿದಿದೆಯೇ ಎಂದು ನೋಡುವುದು ವಾಡಿಕೆ. ಕ್ವರ್ಕ್ ಮತ್ತು ಸಂಗಡಿಗರು ಪಕ್ಕಕ್ಕೆ ನೋಡಿದರು. ಇಡೀ ಮಾದರಿಯನ್ನು ಸೌತೆಕಾಯಿ ಬಿಲ್ಲೆಗಳಂತೆ ಅಡ್ಡಡ್ಡ ಕೊಯ್ದು, ಗುದನಾಳವನ್ನು ಸುತ್ತಿರುವ ಕೊಬ್ಬಿನ ಹೊರ ಅಂಚಿನವರೆಗೆ ಪರೀಕ್ಷಿಸಿದರು. 1986ರಲ್ಲಿ ಬಂದ ಪ್ರಬಂಧದಲ್ಲಿ ಇದ್ದದ್ದು 52 ರೋಗಿಗಳು ಮಾತ್ರ. 14 ಮಂದಿಯಲ್ಲಿ ಪಕ್ಕದ ಅಂಚಿಗೆ ಕ್ಯಾನ್ಸರ್ ಮುಟ್ಟಿತ್ತು, ಅವರಲ್ಲಿ 12 ಮಂದಿಗೆ ಅದೇ ಜಾಗದಲ್ಲಿ ಮರಳಿತು. ಮರಳುವುದು ರೋಗದ ಹಣೆಬರಹ ಎನ್ನುತ್ತಿದ್ದ ಕಡೆ, ಶಸ್ತ್ರಚಿಕಿತ್ಸೆ ಅಗಲವಾಗಿ ಆಗಿರಲಿಲ್ಲ ಎಂಬ ಉತ್ತರ ಬಂತು. ಬೇಸಿಂಗ್‌ಸ್ಟೋಕ್‌ನ ಸರ್ಜನ್ ಬಿಲ್ ಹೀಲ್ಡ್ 1982ರಿಂದಲೇ ಆ ಕೊಬ್ಬಿನ ಪೊಟ್ಟಣವನ್ನು ಹರಿಯದಂತೆ ಇಡಿಯಾಗಿ ತೆಗೆಯಬೇಕು ಎಂದು ವಾದಿಸುತ್ತಿದ್ದರು. ಅವರು ಹೇಳುತ್ತಿದ್ದದ್ದಕ್ಕೆ ಅಳತೆಗೋಲು ಸಿಕ್ಕಿದ್ದು ಪ್ಯಾಥಾಲಜಿ ಟೇಬಲ್ಲಿನಲ್ಲಿ. ಗಡ್ಡೆಗೂ ಹೊರ ಅಂಚಿಗೂ ನಡುವೆ 1 ಮಿಲಿಮೀಟರ್ ಅಥವಾ ಅದಕ್ಕಿಂತ ಕಡಿಮೆ ಇದ್ದರೆ ಅಂಚು ಪಾಸಿಟಿವ್ ಎನ್ನುವುದು ಇಂದಿನ ನಿಯಮ.

ಆ 1 ಮಿಲಿಮೀಟರನ್ನು ನಂಬುವಂತೆ ಅಳೆಯಲು ಏನೇನು ಬೇಕು ಎಂಬುದನ್ನು ಹತ್ತಿರದಿಂದ ನೋಡುವುದು ಒಳ್ಳೆಯದು.

ಮಾದರಿ ಆಪರೇಷನ್ ಥಿಯೇಟರಿನಿಂದ ತೆರೆಯದೆ ಬರಬೇಕು. ಗಡ್ಡೆ ಹೇಗಿದೆ ನೋಡೋಣ ಎಂದು ಥಿಯೇಟರಿನಲ್ಲೇ ಕತ್ತರಿ ಹಾಕಿದರೆ ಹೊರ ಅಂಚು ಅಲ್ಲಿಗೇ ಕೆಡುತ್ತದೆ. ಮುಂದೆ, ಹಿಂದೆ ಫೋಟೊ. ಕೊಬ್ಬಿನ ಮೇಲ್ಮೈ ನಯವಾಗಿ ಇಡಿಯಾಗಿದೆಯೇ, ಅಲ್ಲಲ್ಲಿ ಹರಿದಿದೆಯೇ, ಮಾಂಸಖಂಡ ಕಾಣುವಷ್ಟು ಕಿತ್ತುಹೋಗಿದೆಯೇ ಎಂದು ಮೂರರಲ್ಲಿ ಒಂದು ದರ್ಜೆ. ಆಮೇಲೆ ಹೊರ ಅಂಚಿಗೆ ಇಂಕು. ಸೂಕ್ಷ್ಮದರ್ಶಕದ ಕೆಳಗೆ ಇದೇ ನಿಜವಾದ ಅಂಚು ಎಂದು ಗುರುತು ಹೇಳುವುದು ಆ ಇಂಕು ಮಾತ್ರ. ಒರೆಸಿ ಒಣಗಿಸದೆ ಬಳಿದರೆ ಅದು ಬಿರುಕುಗಳೊಳಗೆ ಹರಿದು, ಅಂಚಲ್ಲದ ಜಾಗವೂ ಅಂಚಿನಂತೆ ಕಾಣುತ್ತದೆ. ನಂತರ ಕರುಳನ್ನು ಮುಂಭಾಗದಲ್ಲಿ ಸೀಳುತ್ತಾರೆ, ಆದರೆ ಗಡ್ಡೆ ಇರುವ ಭಾಗವನ್ನು ಮುಟ್ಟುವುದಿಲ್ಲ. ಅಲ್ಲಿ ಕೊಳವೆಯೊಳಗೆ ಫಾರ್ಮಲಿನ್‌ನಲ್ಲಿ ಅದ್ದಿದ ಗಾಜ್ ಬಟ್ಟೆಯನ್ನು ತುರುಕಿ, 48ರಿಂದ 72 ಗಂಟೆ ಮುಳುಗಿಸಿಡುತ್ತಾರೆ. ಗಟ್ಟಿಯಾದ ಮೇಲೆ ಉದ್ದನೆಯ ಚಾಕುವಿನಿಂದ 3-5 ಮಿಲಿಮೀಟರ್ ಬಿಲ್ಲೆಗಳು. ಸಾಲಾಗಿ ಜೋಡಿಸಿ ಮತ್ತೆ ಫೋಟೊ. ನೆನೆಯುವ ಮೊದಲೇ ಕೊಯ್ದರೆ ಕೊಬ್ಬು ಚಾಕುವಿನ ಹಿಂದೆ ಜಾರುತ್ತದೆ, ಬಿಲ್ಲೆ ಒಂದು ಕಡೆ ದಪ್ಪ, ಇನ್ನೊಂದು ಕಡೆ ತೆಳು. ಮಿಲಿಮೀಟರಿನ ಮಾತು ಅಲ್ಲಿಗೆ ಮುಗಿಯಿತು.

ಫಾರ್ಮಲಿನ್ ವಿಷಯ ಹೇಳಲು ಸಣ್ಣದು, ಹಾಳು ಮಾಡುವುದರಲ್ಲಿ ದೊಡ್ಡದು. ಅಂಗಡಿಯಲ್ಲಿ ಸಿಗುವ ಸುಮಾರು ಶೇ 40ರ ಫಾರ್ಮಾಲ್ಡಿಹೈಡ್ ದ್ರಾವಣ 100 ಮಿಲಿ, ನೀರು 900 ಮಿಲಿ, ಜೊತೆಗೆ ಮೋನೋಬೇಸಿಕ್ ಸೋಡಿಯಂ ಫಾಸ್ಫೇಟ್ 4 ಗ್ರಾಂ, ಡೈಬೇಸಿಕ್ 6.5 ಗ್ರಾಂ. ಇದು ಶೇ 10ರ ಬಫರ್ ಮಾಡಿದ ಫಾರ್ಮಲಿನ್. ಆ ಎರಡು ಉಪ್ಪುಗಳನ್ನು ಬಿಟ್ಟು ನಲ್ಲಿ ನೀರಿನಲ್ಲಿ ಕಲಸುವ ನರ್ಸಿಂಗ್ ಹೋಮ್‌ಗಳು ಇವತ್ತಿಗೂ ಇವೆ. ಬಫರ್ ಇಲ್ಲದ ಫಾರ್ಮಲಿನ್ ನಿಂತಲ್ಲೇ ಆಮ್ಲವಾಗುತ್ತದೆ. ಸ್ಲೈಡಿನಲ್ಲಿ ರಕ್ತ ಇದ್ದಲ್ಲೆಲ್ಲ ಕಪ್ಪು ಪುಡಿ ಉದುರಿದಂತೆ ಕಾಣುತ್ತದೆ, ಡಿಎನ್ಎ ಚೂರುಚೂರಾಗುತ್ತದೆ. ಮಾದರಿಯ ಹತ್ತು ಪಟ್ಟು ದ್ರಾವಣ ಬೇಕು. ಆದರೆ ಬರುವುದು ಬಾಯಿ ಚಿಕ್ಕದಾದ ಉಪ್ಪಿನಕಾಯಿ ಡಬ್ಬಿಯಲ್ಲಿ ಬಗ್ಗಿಸಿ ತುರುಕಿದ ಒಂದಡಿ ಕರುಳು, ಮೇಲೆ ಎರಡು ಬೆರಳು ಫಾರ್ಮಲಿನ್. ಅದು ಡಬ್ಬಿಯ ಆಕಾರದಲ್ಲೇ ಗಟ್ಟಿಯಾಗಿ, ಹೊರಗೆ ತೆಗೆಯಲು ಡಬ್ಬಿಯನ್ನೇ ಕೊಯ್ಯಬೇಕಾಗುತ್ತದೆ. ಫಾರ್ಮಲಿನ್ ಒಳಗೆ ಇಳಿಯುವುದು ಮೊದಮೊದಲು ಗಂಟೆಗೆ ಸುಮಾರು 1 ಮಿಲಿಮೀಟರ್, ಆಮೇಲೆ ಇನ್ನೂ ನಿಧಾನ. ಹಾಗಾಗಿ ಹೊರಗೆ ಬೆಂದಂತೆ ಕಂಡರೂ ನಡುವೆ ಹಸಿ. ಮುಂಬೈ ಬಿಸಿಲಿನಲ್ಲಿ, ಹಸಿ ಎಂದರೆ ಕೊಳೆಯುತ್ತಿದೆ ಎಂದೇ ಅರ್ಥ.

ಗಡ್ಡೆ ಮುಗಿದ ಮೇಲೆ ದುಗ್ಧಗ್ರಂಥಿ ಹುಡುಕುವ ಕೆಲಸ. ಯಾವ ಪ್ರಬಂಧದಲ್ಲೂ ಯಾರೂ ಇದನ್ನು ಹೊಗಳುವುದಿಲ್ಲ. ಹಳದಿ ಕೊಬ್ಬನ್ನು ಹೆಬ್ಬೆರಳು ತೋರುಬೆರಳಿನ ನಡುವೆ ಹಿಸುಕುತ್ತ, ಅಕ್ಕಿಯಲ್ಲಿ ಕಲ್ಲು ಆರಿಸಿದಂತೆ ಒಂದೊಂದೇ ಕಾಳು ತೆಗೆಯಬೇಕು. ಕನಿಷ್ಠ 12 ಸಿಗಬೇಕು ಎಂಬುದು ಹೆಚ್ಚಿನ ಮಾರ್ಗಸೂಚಿಗಳ ಮಾತು. ಕ್ಯಾನ್ಸರ್ ಇರುವ ಗ್ರಂಥಿಗಳಲ್ಲಿ ಹಲವು 5 ಮಿಲಿಮೀಟರಿಗಿಂತ ಚಿಕ್ಕವು, ಆದ್ದರಿಂದ ಕಣ್ಣಿಗೆ ಬಿದ್ದ ದೊಡ್ಡವನ್ನು ಮಾತ್ರ ಆರಿಸಿದರೆ ಸಾಲದು. ರಿಪೋರ್ಟಿನಲ್ಲಿ "6 ಗ್ರಂಥಿಗಳು, ಎಲ್ಲವೂ ನೆಗೆಟಿವ್" ಎಂದಿದ್ದರೆ ಮನೆಯವರು ನಿಟ್ಟುಸಿರು ಬಿಡುತ್ತಾರೆ. ಆಂಕಾಲಜಿಸ್ಟ್ (ಕ್ಯಾನ್ಸರ್ ವೈದ್ಯ) ಹುಬ್ಬು ಗಂಟಿಕ್ಕುತ್ತಾರೆ. ಉಳಿದ ಆರು ಎಲ್ಲಿ? ಅವು ಸಿಕ್ಕಿಲ್ಲ ಎಂಬ ಒಂದೇ ಕಾರಣಕ್ಕೆ ಎರಡನೇ ಹಂತದ (ಗ್ರಂಥಿಗೆ ಹರಡದ) ರೋಗಿಯನ್ನು ಹೆಚ್ಚು ಅಪಾಯದ ಗುಂಪಿಗೆ ಸೇರಿಸಿ ಕೀಮೋ ಕೊಡುವ ಮಾತು ಏಳುತ್ತದೆ. ಇನ್ನರ್ಧ ಗಂಟೆ ಹುಡುಕಿದ್ದರೆ, ಕೊಬ್ಬನ್ನು ಅಸಿಟೋನಿನಲ್ಲಿ ಇಟ್ಟು ಕರಗಿಸಿದ್ದರೆ ಅಥವಾ ಮರುದಿನ ಮತ್ತೆ ಕೂತಿದ್ದರೆ ಉತ್ತರ ಸಿಗುತ್ತಿತ್ತು. ಶಸ್ತ್ರಚಿಕಿತ್ಸೆಗೆ ಮುಂಚೆ ವಿಕಿರಣ ಕೊಟ್ಟ ಗುದನಾಳದಲ್ಲಿ ಗ್ರಂಥಿಗಳು ಕುಗ್ಗಿ ಸಂಖ್ಯೆಯೇ ಕಡಿಮೆಯಾಗುತ್ತದೆ, ಅಲ್ಲಿ 12 ಸಿಗದಿದ್ದರೆ ತಪ್ಪು ಹುಡುಕಿದವರದ್ದೇ ಎನ್ನಲಾಗದು. ಆದರೆ ಹುಡುಕಿಯೂ ಸಿಗಲಿಲ್ಲ ಎಂದು ರಿಪೋರ್ಟಿನಲ್ಲಿ ಬರೆಯಬೇಕು.

ಭಾರತದ ಕಥೆ ಬೇರೆಯಾಗುವುದು ಇಲ್ಲಿಂದ ಮುಂದೆ. ನಮ್ಮಲ್ಲಿ ಈ ಕ್ಯಾನ್ಸರ್ ವರ್ಷಕ್ಕೆ ಲಕ್ಷ ಜನರಲ್ಲಿ ಐದರ ಆಸುಪಾಸು, ಯುರೋಪಿನ ಹಲವು ದೇಶಗಳಲ್ಲಿ 30ಕ್ಕೂ ಮೇಲೆ. ಲೆಕ್ಕದಲ್ಲಿ ಕಡಿಮೆ, ಆದರೆ ಬರುವವರು ಕಿರಿಯರು. ಟಾಟಾ ಮೆಮೋರಿಯಲ್ ಪ್ರಕಟಿಸಿದ ರೋಗಿಗಳ ಸರಣಿಯಲ್ಲಿ ಸರಾಸರಿ ವಯಸ್ಸು 50ಕ್ಕಿಂತ ಕೆಳಗೆ. ಮೂವತ್ತರ ಹುಡುಗನಿಗೆ ಮಲದಲ್ಲಿ ರಕ್ತ ಎಂದರೆ ಮೂಲವ್ಯಾಧಿ ಎಂದು ಮುಲಾಮು ಕೊಟ್ಟು ಕಳಿಸುವುದು ನಮ್ಮಲ್ಲಿ ರೂಢಿ, ಬೆರಳು ಹಾಕಿ ನೋಡುವವರೂ ಕಡಿಮೆ. ಜೊತೆಗೆ ಸಿಗ್ನೆಟ್ ರಿಂಗ್ ಎಂಬ ಬಗೆ ಪಶ್ಚಿಮದಲ್ಲಿ ಶೇ 1ರ ಸುಮಾರು, ನಮ್ಮಲ್ಲಿ ಅದಕ್ಕಿಂತ ಎಷ್ಟೋ ಹೆಚ್ಚು. ಕೋಶದೊಳಗೆ ಲೋಳೆ ತುಂಬಿ ನ್ಯೂಕ್ಲಿಯಸ್ ಒಂದು ಬದಿಗೆ ಒತ್ತಿಕೊಂಡು, ಹರಳಿನುಂಗುರದಂತೆ ಕಾಣುವುದರಿಂದ ಆ ಹೆಸರು. ಅರ್ಧಕ್ಕಿಂತ ಹೆಚ್ಚು ಕೋಶಗಳು ಹೀಗಿದ್ದರೆ ಮಾತ್ರ ಆ ಹಣೆಪಟ್ಟಿ. ಇದು ಗಂಟು ಕಟ್ಟದೆ ಗೋಡೆಯೊಳಗೆ ಒಂಟಿ ಒಂಟಿಯಾಗಿ ಹರಿದಾಡುತ್ತದೆ. ಕೊಲೊನೋಸ್ಕೋಪಿಯಲ್ಲಿ (ಕರುಳಿನೊಳಗೆ ಕೊಳವೆ ಬಿಟ್ಟು ನೋಡುವ ಪರೀಕ್ಷೆ) ಮೇಲ್ಪದರದಿಂದ ಎರಡು ಚೂರು ಚಿವುಟಿದರೆ ಕಾಣದೆಯೂ ಹೋಗಬಹುದು, ಅದಕ್ಕೇ ಆರೆಂಟು ಚೂರು ಕೇಳುವುದು.

ನಮ್ಮ ಪ್ಯಾಥಾಲಜಿಸ್ಟರಿಗೆ ಇದು ನಿಜವಾದ ಸಂಶೋಧನಾ ಕ್ಷೇತ್ರ, ಏಕೆಂದರೆ ಲಂಡನ್, ಬಾಸ್ಟನ್ನಿನಲ್ಲಿ ಇಷ್ಟು ಕೇಸುಗಳು ಸಿಗುವುದಿಲ್ಲ. 2025ರಲ್ಲಿ ಪ್ರಕಟವಾದ, 11 ದೇಶಗಳ 981 ಗಡ್ಡೆಗಳ ಜೀನೋಮ್ ಅಧ್ಯಯನವೊಂದು, ಕೆಲವು ಕರುಳಿನ ಬ್ಯಾಕ್ಟೀರಿಯಾಗಳು ಸ್ರವಿಸುವ ಕೊಲಿಬ್ಯಾಕ್ಟಿನ್ ಎಂಬ ವಿಷ ಡಿಎನ್ಎಯಲ್ಲಿ ಬಿಟ್ಟ ಗುರುತು ಕಿರಿಯ ರೋಗಿಗಳಲ್ಲಿ ಹೆಚ್ಚು ಎಂದು ತೋರಿಸಿತು. ಸಿಗ್ನೆಟ್ ರಿಂಗ್ ಇರುವ ನಮ್ಮ ಕಿರಿಯರಲ್ಲಿ ಅದೇ ಗುರುತು ಇದೆಯೇ ಎಂದು ಕೇಳಬೇಕಾದವರು ನಾವು. ಕೇಳಲು ಡಿಎನ್ಎ ಕೆಡದ ತುಣುಕು ಬೇಕು. ಮತ್ತೆ ಉಪ್ಪಿನಕಾಯಿ ಡಬ್ಬಿಗೇ ಬಂದೆವು.

ಡಬ್ಬಿಯ ಪರಿಣಾಮ ರೋಗಿಯ ಮನೆಯವರೆಗೂ ಮುಟ್ಟುವುದು ಎಂಎಂಆರ್ (ಮಿಸ್‌ಮ್ಯಾಚ್ ರಿಪೇರ್) ಪರೀಕ್ಷೆಯಲ್ಲಿ. ಡಿಎನ್ಎ ನಕಲಾಗುವಾಗಿನ ತಪ್ಪು ತಿದ್ದುವ ನಾಲ್ಕು ಪ್ರೋಟೀನುಗಳಿವೆ: ಎಂಎಲ್ಎಚ್1, ಪಿಎಂಎಸ್2, ಎಂಎಸ್ಎಚ್2, ಎಂಎಸ್ಎಚ್6. ಸ್ಲೈಡಿನ ಮೇಲೆ ಆ ಪ್ರೋಟೀನಿಗೇ ಅಂಟುವ ಆಂಟಿಬಾಡಿ ಹಾಕಿದಾಗ ನ್ಯೂಕ್ಲಿಯಸ್ ಕಂದು ಬಣ್ಣಕ್ಕೆ ತಿರುಗಿದರೆ ಪ್ರೋಟೀನು ಇದೆ ಎಂದರ್ಥ. ಮೊದಲೆರಡು ಒಂದು ಜೋಡಿ, ಕೊನೆಯೆರಡು ಇನ್ನೊಂದು. ಎಂಎಲ್ಎಚ್1 ಇಲ್ಲವಾದರೆ ಆಸರೆ ತಪ್ಪಿ ಪಿಎಂಎಸ್2 ಕೂಡ ಇಲ್ಲವಾಗುತ್ತದೆ, ಆದರೆ ಪಿಎಂಎಸ್2 ಹೋದರೆ ಎಂಎಲ್ಎಚ್1 ಉಳಿಯುತ್ತದೆ. ಎರಡನೇ ಜೋಡಿಯಲ್ಲೂ ಎಂಎಸ್ಎಚ್2 ಯಜಮಾನ, ಎಂಎಸ್ಎಚ್6 ಆಶ್ರಿತ. ಹಾಗಾಗಿ ಕೈ ಬಿಗಿ ಇರುವ ಲ್ಯಾಬಿನಲ್ಲಿ ಆಶ್ರಿತರಾದ ಪಿಎಂಎಸ್2, ಎಂಎಸ್ಎಚ್6 ಎರಡನ್ನೇ ಮೊದಲು ಹಾಕಿ, ಯಾವುದಾದರೂ ಮಾಯವಾಗಿದ್ದರೆ ಮಾತ್ರ ಅದರ ಜೊತೆಗಾರನನ್ನು ನೋಡಿದರೆ ಆಂಟಿಬಾಡಿ ಖರ್ಚು ಅರ್ಧಕ್ಕರ್ಧ ಇಳಿಯುತ್ತದೆ. ಆಂಟಿಬಾಡಿ ಪರೀಕ್ಷೆಯ ಸೌಲಭ್ಯವಿರುವ ಜಿಲ್ಲಾಸ್ಪತ್ರೆಗಳೂ ಈ ದಾರಿ ಹಿಡಿಯಬಹುದು.

ಪ್ರೋಟೀನು ಇಲ್ಲದ ಗಡ್ಡೆಗಳು ಪಶ್ಚಿಮದ ಲೆಕ್ಕದಲ್ಲಿ ಶೇ 15ರ ಸುಮಾರು. ಎಂಎಲ್ಎಚ್1 ಹೋಗಿ, ಜೊತೆಗೆ ಬಿಆರ್‌ಎಎಫ್ ಜೀನಿನಲ್ಲಿ ವಿ600ಇ ಬದಲಾವಣೆ ಇದ್ದರೆ ಅದು ವಯಸ್ಸಿನೊಂದಿಗೆ ಬಂದದ್ದು, ವಂಶದ್ದಲ್ಲ ಎನ್ನಬಹುದು. ಉಳಿದವರಲ್ಲಿ ಲಿಂಚ್ ಸಿಂಡ್ರೋಮಿನ ಶಂಕೆ. ಖಚಿತವಾದರೆ ಅದೇ ಬದಲಾವಣೆ ಪಡೆದ ಅಣ್ಣ, ತಂಗಿ, ಮಕ್ಕಳಿಗೆ 20-25ರ ವಯಸ್ಸಿನಿಂದಲೇ ಒಂದೆರಡು ವರ್ಷಕ್ಕೊಮ್ಮೆ ಕೊಲೊನೋಸ್ಕೋಪಿ. ಇಂಥ ಗಡ್ಡೆಗಳು ಇಮ್ಯುನೋಥೆರಪಿಗೆ, ಅಂದರೆ ದೇಹದ ರೋಗನಿರೋಧಕ ಕಣಗಳನ್ನೇ ಕ್ಯಾನ್ಸರಿನ ಮೇಲೆ ಎಬ್ಬಿಸುವ ಚಿಕಿತ್ಸೆಗೆ, ಚೆನ್ನಾಗಿ ಬಗ್ಗುತ್ತವೆ. 2022ರಲ್ಲಿ ನ್ಯೂಯಾರ್ಕಿನಿಂದ ಬಂದ ವರದಿಯಲ್ಲಿ ಈ ಬಗೆಯ ಗುದನಾಳದ ಕ್ಯಾನ್ಸರಿದ್ದ 12 ಮಂದಿಗೆ ದೋಸ್ಟಾರ್ಲಿಮ್ಯಾಬ್ ಎಂಬ ಅಂಥ ಔಷಧಿ ಕೊಟ್ಟಾಗ ಹನ್ನೆರಡೂ ಮಂದಿಯಲ್ಲಿ ಗಡ್ಡೆ ಕಣ್ಮರೆಯಾಯಿತು, ಚಾಕು ಬೇಕಾಗಲಿಲ್ಲ. ಜೆರೆಮಿ ಜ್ಯಾಸ್ ಎಂಬ ಪ್ಯಾಥಾಲಜಿಸ್ಟ್ 1987ರಲ್ಲೇ ಗಡ್ಡೆಯ ಸುತ್ತ ಬಿಳಿರಕ್ತಕಣಗಳು ಮುತ್ತಿಕೊಂಡಿದ್ದರೆ ರೋಗಿಗೆ ಒಳ್ಳೆಯದು ಎಂದು ತಮ್ಮ ವರ್ಗೀಕರಣದಲ್ಲಿ ಸೇರಿಸಿದ್ದರು. ಬರೀ ಗುಲಾಬಿ-ನೀಲಿ ಬಣ್ಣದ ಮಾಮೂಲಿ ಸ್ಲೈಡ್ ನೋಡಿ ಹೇಳಿದ ಮಾತು ಅದು.

ಈಗ ತಪ್ಪು ಹೇಗಾಗುತ್ತದೆ ನೋಡಿ. ಸರಿಯಾಗಿ ನೆನೆಯದ ತುಣುಕಿನ ನಡುಭಾಗದಲ್ಲಿ ಪ್ರೋಟೀನು ಇದ್ದರೂ ಕಂದು ಬಣ್ಣ ಬರುವುದಿಲ್ಲ. ಪಕ್ಕದಲ್ಲಿರುವ ಆರೋಗ್ಯವಂತ ಕೋಶ, ಬಿಳಿರಕ್ತಕಣಗಳು ಬಣ್ಣ ಹಿಡಿದಿವೆಯೇ ಎಂದು ಮೊದಲು ನೋಡಬೇಕು. ಅವೂ ಬಿಳುಚಿದ್ದರೆ ಪರೀಕ್ಷೆಯೇ ಕೆಟ್ಟಿದೆ. ಅದನ್ನು ನೋಡದೆ "ಇಲ್ಲ" ಎಂದು ಬರೆದರೆ, ಒಂದು ಡಬ್ಬಿ ಕೆಟ್ಟ ಫಾರ್ಮಲಿನ್‌ಗೆ ಇಡೀ ಕುಟುಂಬ ಹೆದರಿ ಕೂರುತ್ತದೆ, ಮಗಳ ಮದುವೆಯ ಮಾತುಕತೆಯವರೆಗೂ ಅದು ಹೋಗುತ್ತದೆ. ಈ ಪರೀಕ್ಷೆಗೆ ಶಸ್ತ್ರಚಿಕಿತ್ಸೆಯ ದೊಡ್ಡ ಮಾದರಿಗಿಂತ ಕೊಲೊನೋಸ್ಕೋಪಿಯ ಚಿಕ್ಕ ಚೂರೇ ಎಷ್ಟೋ ಸಲ ಮೇಲು, ಏಕೆಂದರೆ ಚಿಕ್ಕದರೊಳಗೆ ಫಾರ್ಮಲಿನ್ ಬೇಗ ಇಳಿಯುತ್ತದೆ.

ಮುಂಬೈಗೆ ಈ ಕೆಲಸದ ಪರಂಪರೆ ಇಲ್ಲದೆ ಇಲ್ಲ. 1941ರಲ್ಲಿ ಪರೇಲ್‌ನಲ್ಲಿ ಟಾಟಾ ಮೆಮೋರಿಯಲ್ ತೆರೆದಾಗ ಪ್ರಯೋಗಾಲಯಗಳ ಹೊಣೆ ಹೊತ್ತವರು ಪ್ಯಾಥಾಲಜಿಸ್ಟ್ ವಿ. ಆರ್. ಖಾನೋಲ್ಕರ್. ಬಾಯಿಯ ಕ್ಯಾನ್ಸರಿಗೂ ಹೊಗೆಸೊಪ್ಪಿಗೂ ಇರುವ ನಂಟನ್ನು ಕೆದಕಿದರು, 1952ರಲ್ಲಿ ಭಾರತೀಯ ಕ್ಯಾನ್ಸರ್ ಸಂಶೋಧನಾ ಕೇಂದ್ರ ಕಟ್ಟಿದರು. ದೇಶದ ಮೊದಲ ಜನಸಂಖ್ಯಾ ಆಧಾರಿತ ಕ್ಯಾನ್ಸರ್ ನೋಂದಣಿ 1963ರಲ್ಲಿ ಇದೇ ಊರಿನಲ್ಲಿ ಶುರುವಾಯಿತು. ಇಂದು ಖಾರ್‌ಘರ್‌ನಲ್ಲಿ ಟಾಟಾ ಮೆಮೋರಿಯಲ್‌ನದೇ ಸಂಶೋಧನಾ ಕೇಂದ್ರ ಆಕ್ಟ್ರೆಕ್ ಇದೆ, ಪುಣೆಯಲ್ಲಿ ಸೇನಾ ವೈದ್ಯಕೀಯ ಕಾಲೇಜು, ಕಾರವಾರ ಅಂಕೋಲೆಯವರಿಗೂ ಹತ್ತಿರವಾದ ಬಾಂಬೋಳಿಯ ಗೋವಾ ಮೆಡಿಕಲ್ ಕಾಲೇಜು ಇವೆ.

ಆದರೂ ಕರುಳಿನ ಕ್ಯಾನ್ಸರಿಗೇ ಬದುಕು ಮೀಸಲಿಡುವ ಪ್ಯಾಥಾಲಜಿಸ್ಟರು ಬೆರಳೆಣಿಕೆಯಷ್ಟು. ಎಂಬಿಬಿಎಸ್ ಐದೂವರೆ ವರ್ಷ, ಎಂಡಿ ಮೂರು, ಬೇಕಿದ್ದರೆ ಆಂಕೋಪ್ಯಾಥಾಲಜಿಯಲ್ಲಿ ಡಿಎಂ ಇನ್ನು ಮೂರು. ಅಷ್ಟರಲ್ಲಿ ವಯಸ್ಸು ಮೂವತ್ತು ದಾಟಿ, ಕೈಗೆ ಬರುವುದು ದಿನದ ಸ್ಲೈಡ್ ಟ್ರೇಗಳ ರಾಶಿ. ವೈದ್ಯಕೀಯ ಕಾಲೇಜಿನಲ್ಲಿ ಬಡ್ತಿಗೆ ಪ್ರಬಂಧ ಬೇಕು, ಹಾಗಾಗಿ ಹಳೆಯ ಫೈಲಿನಿಂದ ಐವತ್ತು ಕೇಸು ಎಳೆದು ಶೇಕಡಾವಾರು ಬರೆದು ಕಳಿಸುವುದು ನಡೆಯುತ್ತದೆ. ಅದರಿಂದ ಯಾರಿಗೂ ನಷ್ಟವಿಲ್ಲ, ಲಾಭವೂ ಇಲ್ಲ. ಕ್ವರ್ಕ್ ಅವರದ್ದೂ ಐವತ್ತೆರಡೇ ಕೇಸು. ವ್ಯತ್ಯಾಸ ಇರುವುದು ಮಾದರಿ ಕೊಯ್ದ ರೀತಿಯಲ್ಲಿ, ಮತ್ತು ಆ ಐವತ್ತೆರಡು ಮಂದಿಗೆ ಮುಂದೇನಾಯಿತು ಎಂದು ಗೊತ್ತಿದ್ದುದರಲ್ಲಿ.

ನಮ್ಮಲ್ಲಿ ಕಳಚಿಕೊಳ್ಳುವುದು ಆ ಕೊನೆಯ ಕೊಂಡಿ. ಬಯಾಪ್ಸಿ ಊರಿನಲ್ಲಿ, ಆಪರೇಷನ್ ಮುಂಬೈಯಲ್ಲಿ, ಕೀಮೋ ಬೆಳಗಾವಿಯಲ್ಲಿ. ಎರಡು ವರ್ಷ ಕಳೆದು ಫೋನ್ ಮಾಡಿದರೆ ನಂಬರ್ ಬದಲಾಗಿರುತ್ತದೆ, ಇಲ್ಲವೇ ಆ ಕಡೆಯವರಿಗೆ ಮರಾಠಿ, ಹಿಂದಿ ಬಾರದು. ಕೃತಕ ಬುದ್ಧಿಮತ್ತೆ ಈ ತೂತನ್ನು ಮುಚ್ಚುತ್ತದೆ ಎಂಬ ಮಾತು ಈಗ ಜೋರಾಗಿದೆ. ಮಾಮೂಲಿ ಸ್ಲೈಡಿನ ಚಿತ್ರದಿಂದಲೇ ಎಂಎಂಆರ್ ಕೊರತೆಯ ಗಡ್ಡೆಗಳನ್ನು ಗಣಕ ಊಹಿಸಬಲ್ಲದು ಎಂದು 2019ರಲ್ಲೇ ಜರ್ಮನಿಯ ತಂಡವೊಂದು ತೋರಿಸಿದೆ, ಒಪ್ಪೋಣ. ಆದರೆ ಗಣಕಕ್ಕೆ ಕಲಿಸಲು ಸ್ಲೈಡಿನ ಜೊತೆ ಫಲಿತಾಂಶವೂ ಬೇಕು. ಐದು ವರ್ಷದ ನಂತರ ರೋಗಿ ಹೇಗಿದ್ದಾರೆ ಎಂಬುದು ಸ್ಕ್ಯಾನರಿಗೆ ಕಾಣುವುದಿಲ್ಲ, ಅದಕ್ಕೆ ಕನ್ನಡದಲ್ಲಿ ಫೋನ್ ಮಾಡಿ ಕೇಳುವ ಒಬ್ಬರು ಬೇಕು.

ಕೌಂಟರಿನಲ್ಲಿ ನಿಂತ ಮಾವ, ಅಳಿಯನಿಗೆ ಇದರಲ್ಲಿ ಬೇಕಾದದ್ದು ಇಷ್ಟು. ಮೊದಲು ಬಯಾಪ್ಸಿ ಮಾಡಿದ ಲ್ಯಾಬಿಗೆ ರಿಪೋರ್ಟಿನ ನಂಬರ್ ಹಿಡಿದು ಹೋಗಿ ಸ್ಲೈಡ್ ಮತ್ತು ಬ್ಲಾಕ್ ಎರಡನ್ನೂ ಕೇಳಬೇಕು, ಬರೆದ ಅರ್ಜಿ ಕೊಟ್ಟರೆ ಕೊಡುತ್ತಾರೆ. ಅಮೆರಿಕದ ಪ್ಯಾಥಾಲಜಿಸ್ಟರ ಕಾಲೇಜು ಬ್ಲಾಕನ್ನು 10 ವರ್ಷ ಇಡಬೇಕು ಎನ್ನುತ್ತದೆ. ನಮ್ಮ ಸಣ್ಣ ಲ್ಯಾಬುಗಳಲ್ಲಿ ಅಷ್ಟು ಕಾಲ ಕಾಯದೆ ಆದಷ್ಟು ಬೇಗ ಕೇಳುವುದು ಕ್ಷೇಮ. ಆಪರೇಷನ್ ಆಗಿದ್ದರೆ ಇಪ್ಪತ್ತು, ಮೂವತ್ತು ಬ್ಲಾಕ್ ಇರುತ್ತವೆ. ಎಲ್ಲ ಹೊತ್ತು ತರಬೇಕಾಗಿಲ್ಲ, ಗಡ್ಡೆ ಚೆನ್ನಾಗಿರುವ ಒಂದೆರಡು ಯಾವುವು ಎಂದು ಅಲ್ಲಿನ ಪ್ಯಾಥಾಲಜಿಸ್ಟರನ್ನೇ ಕೇಳಿ, ಪಕ್ಕದಲ್ಲಿ ಆರೋಗ್ಯವಂತ ಕರುಳೂ ಇರುವಂಥದ್ದನ್ನು ಆರಿಸಿಕೊಡುತ್ತಾರೆ. ಮೇಣ ಕರಗುವುದು 56-60 ಡಿಗ್ರಿಯಲ್ಲಿ, ರೈಲಿನ ಬಿಸಿಗೆ ಕರಗದು. ಆದರೆ ಮೇ ತಿಂಗಳ ಬಿಸಿಲಿನಲ್ಲಿ ನಿಲ್ಲಿಸಿದ ಕಾರಿನ ಡ್ಯಾಶ್‌ಬೋರ್ಡ್ ಮೇಲೆ ಇಡುವುದು ಬೇಡ. ಸ್ಲೈಡುಗಳನ್ನು ಒಂದರ ಮೇಲೊಂದು ಕಾಗದದಲ್ಲಿ ಸುತ್ತಿದರೆ ಒಡೆಯುತ್ತವೆ, ಲ್ಯಾಬಿನಲ್ಲೇ ಪ್ಲಾಸ್ಟಿಕ್ ಸ್ಲೈಡ್ ಡಬ್ಬಿ ಕೇಳಿ ಪಡೆಯಬೇಕು. ಒಪ್ಪಿಸಿದಾಗ ಕೊಡುವ ಚೀಟಿಯಲ್ಲಿ ಎಷ್ಟು ಬ್ಲಾಕ್, ಎಷ್ಟು ಸ್ಲೈಡ್ ಎಂಬ ಲೆಕ್ಕ ಸರಿಯಿದೆಯೇ ನೋಡಿಕೊಂಡು, ಅದರ ಫೋಟೊವನ್ನು ಮನೆಯ ಇಬ್ಬರ ಫೋನಿನಲ್ಲಾದರೂ ಇಟ್ಟುಕೊಳ್ಳಬೇಕು. ಹಿಂದಕ್ಕೆ ಪಡೆಯುವಾಗ ಕೇಳುವುದು ಆ ಚೀಟಿಯನ್ನೇ.